ಮೈನಸ್ ಇಂಟು ಮೈನಸ್ ಯಾಕೆ ಪ್ಲಸ್? ಮನೇಲಿ ಪ್ರೀ-ಆಲ್ಜಿಬ್ರಾ ಕಲಿಸಿದ ನನ್ನ ಅನುಭವ

ನಮ್ಮೂರು ಉಡುಪಿ ಕಡೆ, ಈಗಿರೋದು ಟೆಕ್ಸಾಸ್‌ನಲ್ಲಿ. ಇಲ್ಲಿ ಮನೇಲೇ ಪಾಠ ಮಾಡೋಕೆ ಸರ್ಕಾರದ ಪರ್ಮಿಷನ್ ಬೇಡ, ನಮ್ಮ ಚರ್ಚಿನ ನಾಲ್ಕೈದು ಮನೆಯವ್ರು ಕ್ಲಾಸಿಕಲ್ ಕ್ರಿಶ್ಚಿಯನ್ ಪದ್ಧತೀಲಿ (ಹಳೇ ಕಾಲದ ಕಲಿಕೆಯ ಕ್ರಮ, ಕ್ರಿಶ್ಚಿಯನ್ ನಂಬಿಕೆ ಜೊತೆ) ಹೋಮ್‌ಸ್ಕೂಲ್ ಮಾಡ್ತಿದ್ರು, ಅದನ್ನ ನೋಡಿ ನಾವೂ ಶುರು ಹಚ್ಕೊಂಡ್ವಿ. ಲ್ಯಾಟಿನ್ನು, ಇತಿಹಾಸ ಹೆಂಗೋ ನಡೀತು. ಮಗನಿಗೆ 12 ತುಂಬಿ ಪ್ರೀ-ಆಲ್ಜಿಬ್ರಾ, ಅಂದ್ರೆ ಬೀಜಗಣಿತಕ್ಕೆ ಮುಂಚಿನ ಪಾಠ, ಬಂತು ನೋಡಿ, ನನ್ನ ಬಂಡವಾಳ ಬಯಲಾಯ್ತು.

ಮೊದ್ಲು ನಾನು ಮಾಡಿದ್ದು ಶುದ್ಧ ದಡ್ಡತನ. ದಿನಾ ಲೆಕ್ಕದ ಹಾಳೆ ಮೇಲ್ಗಡೆ ಒಂದು ಬೈಬಲ್ ವಚನ ಬರೆಸೋದು, ಕೆಳಗೆ ಲೆಕ್ಕ ಮಾಡಿಸೋದು, ಕ್ರಿಶ್ಚಿಯನ್ ಗಣಿತ ಅಂದ್ರೆ ಇಷ್ಟೇ ಅನ್ಕೊಂಡಿದ್ದೆ. ಎರಡು ವಾರ ಆದ್ಮೇಲೆ ಅವ್ನೇ ಕೇಳ್ದ, "ಅಮ್ಮ, ಈ ವಚನಕ್ಕೂ ಮೂರು ಎಕ್ಸ್ ಪ್ಲಸ್ ಐದಕ್ಕೂ ಏನ್ ಸಂಬಂಧ?" ಏನೂ ಇರ್ಲಿಲ್ಲ. ವಚನ ಬರೆಸೋದು ಅವತ್ತೇ ಬಿಟ್ಟೆ.

ಈ ಕ್ಲಾಸಿಕಲ್ ಪದ್ಧತೀಲಿ ಗ್ರಾಮರ್, ಲಾಜಿಕ್, ರೆಟರಿಕ್ ಅಂತ ಮೂರು ಘಟ್ಟ, ಈಗಿನ ಕಾಲದಲ್ಲಿ ಅದು ಮತ್ತೆ ಹಬ್ಬೋಕೆ ಕಾರಣ 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ ಮಾಡಿದ ಭಾಷಣ. ಮಗ್ಗಿ ಬಾಯಿಪಾಠ ಮಾಡೋದು ಗ್ರಾಮರ್, ಎದುರುತ್ತರ ಕೊಡೋ ವಯಸ್ಸು ಬಂತು ಅಂದ್ರೆ ಲಾಜಿಕ್, ಅಂದ್ರೆ ತರ್ಕ, ಕಲ್ತಿದ್ದನ್ನ ಚೆನ್ನಾಗಿ ಮಾತಲ್ಲಿ ಹೇಳೋದು ರೆಟರಿಕ್. ಆಲ್ಜಿಬ್ರಾ ಬೇರೆ ಸಬ್ಜೆಕ್ಟೇ ಅಲ್ಲ, ತರ್ಕದ್ದೇ ಒಂದು ಭಾಗ ಅಂತ ಆಕೆ ಹೇಳಿದ್ದು ನಂಗೆ ಆಗ ತಲೆಗೆ ಹೋಯ್ತು. ಸರಿ, ಇವ್ನು ಹೆಂಗೂ ವಾದ ಮಾಡ್ತಾನೆ, ಲೆಕ್ಕದಲ್ಲೇ ಮಾಡ್ಲಿ. ಪ್ರತಿ ಸ್ಟೆಪ್ಪಿಗೂ ಕಾರಣ ಬಾಯಿಬಿಟ್ಟು ಹೇಳ್ಬೇಕು ಅಂತ ರೂಲ್ ಮಾಡ್ದೆ. ನಾವು ಶಾಲೇಲಿ ಕಲ್ತ "ಆ ಕಡೆ ಹೋದ್ರೆ ಮೈನಸ್ ಆಗುತ್ತೆ" ನಮ್ಮನೇಲಿ ಬ್ಯಾನ್. ಎರಡೂ ಕಡೆ 5 ಕಳೀತಿದೀನಿ, ಸಮ ಇರೋದ್ರಿಂದ ಸಮ ಕಳೆದ್ರೆ ಉಳಿದಿದ್ದೂ ಸಮ, ಹಿಂಗೆ ಹಳೇ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ಮಾತಲ್ಲೇ ಹೇಳ್ಬೇಕು.

ಸಿಕ್ಕಾಕ್ಕೊಂಡಿದ್ದು ಮೈನಸ್ ಇಂಟು ಮೈನಸ್ ಹತ್ರ. ಋಣ ಅಂದ್ರೆ ಸಾಲ, ಬ್ರಹ್ಮಗುಪ್ತ 628ರಲ್ಲೇ ಧನ-ಋಣ ಅಂತ ನಿಯಮ ಬರೆದಿದ್ದ, ನಿನ್ ತಲೆ ಮೇಲಿನ 4 ಡಾಲರ್ ಸಾಲ ಮೂರು ಸಲ ತೆಗೆದ್ರೆ ನಿಂಗೆ 12 ಲಾಭ ಅಂತೆಲ್ಲ ಹೇಳ್ದೆ. "ಸಾಲ ಮನ್ನಾ ಆದ್ರೆ ಕೈಗೆ ದುಡ್ಡು ಬರಲ್ವಲ್ಲ ಅಮ್ಮ" ಅಂದ. ಬಾಯಿ ಮುಚ್ಚಿಸ್ದ. ರಾತ್ರಿಯೆಲ್ಲ ಯೋಚನೆ ಮಾಡಿ ಬೆಳಿಗ್ಗೆ ಬೋರ್ಡ್ ಮೇಲೆ −3 × (4 + −4) ಬರ್ದೆ. ಬ್ರಾಕೆಟ್ ಒಳಗೆ ಎಷ್ಟು? ಸೊನ್ನೆ. ಹಂಗಾದ್ರೆ ಒಟ್ಟು? ಸೊನ್ನೆ. ಈಗ ಬ್ರಾಕೆಟ್ ಬಿಡಿಸು. ಒಂದ್ಕಡೆ −12 ಬಂತು, ಇನ್ನೊಂದ್ಕಡೆ −3 × −4 ಹಂಗೇ ಕೂತಿದೆ, ಎರಡೂ ಸೇರಿ ಸೊನ್ನೆ ಆಗ್ಬೇಕು. ಮಾರ್ಕರ್ ಹಿಡ್ಕೊಂಡು ಸುಮಾರು ಹೊತ್ತು ನಿಂತಿದ್ದ. ಆಮೇಲೆ, "ಅಂದ್ರೆ 12 ಬಿಟ್ರೆ ಬೇರೆ ದಾರೀನೇ ಇಲ್ಲ!" ನಂಗೆ ಬೇಕಾಗಿದ್ದ ಕ್ರಿಶ್ಚಿಯನ್ ಗಣಿತ ಅದೇ. ಇದು ನಾನು ಮಾಡಿದ ರೂಲೂ ಅಲ್ಲ, ಪುಸ್ತಕದವ್ರು ಮಾಡಿದ್ದೂ ಅಲ್ಲ, ದೇವರ ಸೃಷ್ಟೀಲಿ ಮೊದ್ಲಿಂದ ಹಿಂಗೇ ಇದೆ ಅಂತ ಹೇಳಿದ್ದಕ್ಕೆ ಈ ಸಲ "ಹ್ಞೂಂ" ಅಂದ.

ಬೈಬಲ್ಲು ಲೆಕ್ಕಕ್ಕೆ ತಾನಾಗೇ ವಾಪಸ್ ಬಂದಿದ್ದು ಆಮೇಲೆ. ರಾತ್ರಿ ಪ್ರಾರ್ಥನೇಲಿ ಅರಸುಗಳ ಪುಸ್ತಕ ಓದ್ತಿದ್ವಿ, ಸೊಲೊಮೋನನ ಎರಕದ ಸಮುದ್ರ, ಅಂದ್ರೆ ದೇವಾಲಯದ ದೊಡ್ಡ ದುಂಡನೆ ನೀರಿನ ತೊಟ್ಟಿ, ಅಂಚಿಂದ ಅಂಚಿಗೆ 10 ಮೊಳ, ಸುತ್ತಳತೆ 30 ಮೊಳ. "ಹಂಗಾದ್ರೆ ಪೈ ಮೂರಾ? ಬೈಬಲ್ ತಪ್ಪಾ?" ಅವ್ರಪ್ಪ ನನ್ ಮುಖ ನೋಡಿದ್ರು. ದೋಸೆ ಕಾವಲಿ ತಂದು ದಾರ ಸುತ್ತಿ ಅಳೆದ್ವಿ, ಅಡ್ಡ 30 ಸೆಂಟಿಮೀಟರ್, ಸುತ್ತ 94, ಭಾಗಿಸಿದ್ರೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಅದೇ ಅಧ್ಯಾಯದಲ್ಲಿ ಮುಂದೆ ಅದರ ದಪ್ಪ ಒಂದು ಕೈ ಅಗಲ ಅಂತಿದೆ, ಅಡ್ಡ ಹೊರಗಿಂದ ಅಳೆದು ಸುತ್ತಳತೆ ಒಳಗಿಂದ ತಗೊಂಡಿದ್ರೆ ಸರಿಹೋಗುತ್ತೆ ಅಂತ ಅವ್ರಪ್ಪನ ವಾದ, ರೌಂಡ್ ಮಾಡಿ ಬರೆದಿರ್ತಾರೆ ಅಂತ ನನ್ ವಾದ. ಮಲಗಿದಾಗ ಹನ್ನೊಂದು ಗಂಟೆ.

ಈಗ ಮಾತಿನ ಲೆಕ್ಕಗಳು ನಡೀತಿವೆ, ಅದ್ರಲ್ಲಿ ಇನ್ನೂ ಒದ್ದಾಡ್ತಿದಾನೆ, ಓದದೇ ಎಕ್ಸ್ ಅಂತ ಶುರು ಮಾಡ್ಬಿಡ್ತಾನೆ. ಜೊತೆಗೆ ಪಾತ್ರೆ ತೊಳಿ ಅಂದ್ರೂ "ಕಾರಣ ಹೇಳಮ್ಮ" ಅಂತಾನೆ.