ಕ್ಯಾಲ್ಸಿಯಂ ರಿಪೋರ್ಟ್ ಕೈಗೆ ಬಂದಾಗ ಏನು ನೋಡಬೇಕು, ಏನು ಕೇಳಬೇಕು

ನಾನು ವಿಜಯಪುರದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಇಂಡಿ, ಸಿಂದಗಿ, ಬಬಲೇಶ್ವರ ಕಡೆಯಿಂದ ಮೊದಲ ಬಸ್ಸಿಗೆ ಬಂದವರು ಕಟ್ಟೆಯ ಮೇಲೆ ಕೂತಿರುತ್ತಾರೆ. ಸಂಜೆ ರಿಪೋರ್ಟ್ ಕೊಟ್ಟರೆ ಕ್ಯಾಲ್ಸಿಯಂ ಸಾಲಿನ ಮುಂದೆ ‘ಎಲ್’ (ಕಡಿಮೆ) ಅಥವಾ ‘ಹೆಚ್’ (ಜಾಸ್ತಿ) ಅಕ್ಷರ ಇದೆಯಾ ಅಂತ ಮೊದಲು ನೋಡುತ್ತಾರೆ. ಇದ್ದರೆ ಅಲ್ಲೇ ಪ್ರಶ್ನೆ: “ಮೇಡಂ, ಮೈಯಾಗ ಸುಣ್ಣ ಕಡಿಮೆ ಆಗೇತಂತ. ಯಾವ ಗುಳಿಗಿ ತಗೋಬೇಕ್ರಿ?”

ಗುಳಿಗೆ ಹೇಳುವುದು ಡಾಕ್ಟರ ಕೆಲಸ. ಆದರೆ ಆ ಹಾಳೆಯನ್ನು ಓದುವುದು ಹೇಗೆ, ಡಾಕ್ಟರ ಮುಂದೆ ಏನು ಕೇಳಬೇಕು ಅನ್ನುವುದನ್ನು ನಾನು ಹೇಳಬಲ್ಲೆ. ಎಲ್ಲಕ್ಕಿಂತ ಮೊದಲು ಒಂದು ಮಾತು. ಕ್ಯಾಲ್ಸಿಯಂ ಅಂಕಿ ಒಂದನ್ನೇ ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಹೋಗಬೇಡಿ. ಆ ಅಂಕಿಯ ಜೊತೆ ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ನೋಡಬೇಕು. ನಿಜಕ್ಕೂ ಏರುಪೇರು ಇದ್ದರೆ ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ ಪಿಟಿಹೆಚ್ ಎನ್ನುವ ಹಾರ್ಮೋನ್ ನೋಡಬೇಕು. ಇವು ಇಲ್ಲದೆ ಅರ್ಧ ಕಥೆಯೂ ಗೊತ್ತಾಗುವುದಿಲ್ಲ.

ರಕ್ತದಲ್ಲಿ ಇರೋದು, ಮೂಳೆಯಲ್ಲಿ ಇರೋದು

ನಮ್ಮ ಮೈಯ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಮೂಳೆ, ಹಲ್ಲುಗಳಲ್ಲೇ ಇದೆ. ರಕ್ತದಲ್ಲಿ ಇರುವುದು ತೀರಾ ಸ್ವಲ್ಪ. ಆದರೆ ಹೃದಯದ ಬಡಿತ, ನರ, ಸ್ನಾಯು ಎಲ್ಲಾ ನಡೆಯುವುದು ಈ ಸ್ವಲ್ಪದ ಮೇಲೆಯೇ. ಅದಕ್ಕೇ ದೇಹ ಇದನ್ನು ಬಹಳ ಬಿಗಿಯಾಗಿ ಕಾಯುತ್ತದೆ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಅವು ಪಿಟಿಹೆಚ್ ಹಾರ್ಮೋನ್ ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ತರುತ್ತದೆ, ಮೂತ್ರದಲ್ಲಿ ಹೋಗದಂತೆ ತಡೆಯುತ್ತದೆ, ವಿಟಮಿನ್ ಡಿಯನ್ನು ಚುರುಕು ಮಾಡಿ ಕರುಳಿನಿಂದ ಜಾಸ್ತಿ ಹೀರಿಸುತ್ತದೆ.

ಅಂದರೆ ಮೂಳೆ ವರ್ಷಗಟ್ಟಲೆ ಸವೆಯುತ್ತಿದ್ದರೂ ರಕ್ತದ ಕ್ಯಾಲ್ಸಿಯಂ ನಾರ್ಮಲ್ ಕಾಣಬಹುದು. ಮೊಣಕಾಲು ನೋವು ಅಂತ ಬಂದು ಕ್ಯಾಲ್ಸಿಯಂ ಟೆಸ್ಟ್ ಮಾಡಿಸಿ, 9.4 ಬಂತು ಅಂತ “ಎಲುವು ಗಟ್ಟಿ ಅದಾವು” ಎಂದು ನೆಮ್ಮದಿಯಿಂದ ಹೋಗುವವರು ಬಹಳ. ಈ ಟೆಸ್ಟ್ ಮೂಳೆಯ ಗಟ್ಟಿತನ ಹೇಳುವುದೇ ಇಲ್ಲ. ಅದಕ್ಕೆ ಡೆಕ್ಸಾ ಸ್ಕ್ಯಾನ್ ಬೇರೆ ಇದೆ.

ಆಕಳು ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜಾಸ್ತಿ ಹಾಲು ಕೊಡುವ ಆಕಳು ಕೆಲವೊಮ್ಮೆ ಈದ ಒಂದೆರಡು ದಿನದಲ್ಲೇ ಕುಸಿದು ಬೀಳುತ್ತದೆ. ಕತ್ತನ್ನು ಪಕ್ಕೆಗೆ ತಿರುವಿ ಮಲಗುತ್ತದೆ, ಕಿವಿ ತಣ್ಣಗಾಗಿರುತ್ತದೆ. ಪಶು ಡಾಕ್ಟರು ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಎಷ್ಟೋ ಸಲ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ಅದರ ಮೂಳೆಯಲ್ಲಿ ಕ್ಯಾಲ್ಸಿಯಂಗೆ ಬರ ಇರಲಿಲ್ಲ. ಹಾಲಿಗೆ ಒಮ್ಮೆಲೇ ಎಳೆದುಕೊಂಡಿದ್ದರಿಂದ ರಕ್ತದಲ್ಲಿ ಬಿದ್ದಿತ್ತು, ಅಷ್ಟೇ.

ರಕ್ತ ಕೊಡುವಾಗ

ಬರೀ ಕ್ಯಾಲ್ಸಿಯಂಗೆ ಉಪವಾಸ ಕಡ್ಡಾಯವಲ್ಲ. ಆದರೆ ಜೊತೆಗೆ ರಂಜಕ (ಫಾಸ್ಫರಸ್), ಪಿಟಿಹೆಚ್ ಬರೆದಿದ್ದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರುವುದು ಒಳ್ಳೆಯದು. ನೀರು ಕುಡಿದು ಬನ್ನಿ. ಕ್ಯಾಲ್ಸಿಯಂ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಬೇರೆ ಯಾವ ಗುಳಿಗೆಯನ್ನೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ, ಆದರೆ ಏನೇನು ತಗೊಳ್ತೀರಿ ಅಂತ ಹೇಳಿ. ಕೂದಲು ಉದುರುವುದಕ್ಕೆ ತಗೊಳ್ಳುವ ಬಯೋಟಿನ್ ಗುಳಿಗೆಯನ್ನೂ ಹೇಳಬೇಕು. ಅದು ಕೆಲವು ಮಷೀನುಗಳಲ್ಲಿ ಪಿಟಿಹೆಚ್ ಅಂಕಿಯನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

ತೋಳಿಗೆ ಕಟ್ಟುವ ಪಟ್ಟಿಯ ಬಗ್ಗೆ ಜನ ಯೋಚಿಸುವುದೇ ಇಲ್ಲ. ಹೊಲದಲ್ಲಿ ದುಡಿದು ಬಡಕಲಾದ ಅಜ್ಜಿಯರ ಕೈಯಲ್ಲಿ ನರ ಕಾಣುತ್ತದೆ, ಸೂಜಿ ಮುಟ್ಟಿದರೆ ಜಾರುತ್ತದೆ. ಹುಡುಕುತ್ತಾ ಪಟ್ಟಿ ಎರಡು ಮೂರು ನಿಮಿಷ ಬಿಗಿದೇ ಉಳಿದರೆ ಅಲ್ಲಿ ನಿಂತ ರಕ್ತದಿಂದ ನೀರಿನಂಶ ಹೊರಗೆ ಜಾರುತ್ತದೆ, ಪ್ರೋಟೀನ್ ದಟ್ಟವಾಗುತ್ತದೆ, ಅದಕ್ಕೆ ಅಂಟಿದ ಕ್ಯಾಲ್ಸಿಯಂ ಕೂಡ ಜಾಸ್ತಿ ಕಾಣುತ್ತದೆ. 10.2 ಇರುವುದು 10.7 ಆಗಲು ಇಷ್ಟು ಸಾಕು. ಒಂದು ನಿಮಿಷ ದಾಟಿದರೆ ನಾನು ಪಟ್ಟಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಟ್ಟುತ್ತೇನೆ. ನಿಮಗೆ ಯಾರಾದರೂ ಬಹಳ ಹೊತ್ತು ಕಟ್ಟಿಟ್ಟರೆ ಸಂಕೋಚ ಪಡಬೇಡಿ, ಬಿಚ್ಚಲು ಹೇಳಿ. ಮುಷ್ಟಿಯನ್ನು ಮತ್ತೆ ಮತ್ತೆ ಹಿಸುಕುವುದೂ ಬೇಡ.

ಇನ್ನು ಟ್ಯೂಬು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎನ್ನುವ ರಾಸಾಯನಿಕ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ರಕ್ತದ ಕಣಗಳ ಎಣಿಕೆಗೆ ಸರಿ, ಕ್ಯಾಲ್ಸಿಯಂಗೆ ಅಲ್ಲ. ಅದರ ಅಂಶ ಬೇರೆ ಟ್ಯೂಬಿಗೆ ಬೆರೆತರೆ ಕ್ಯಾಲ್ಸಿಯಂ ಪಾತಾಳಕ್ಕೆ ಇಳಿಯುತ್ತದೆ, ಪೊಟ್ಯಾಸಿಯಂ ಆಕಾಶಕ್ಕೆ ಏರುತ್ತದೆ. ನಡೆದುಕೊಂಡು ಬಂದು ಆರಾಮವಾಗಿ ಮಾತಾಡುವ ಮನುಷ್ಯನ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 4, ಪೊಟ್ಯಾಸಿಯಂ 9 ಅಂತ ಇದ್ದರೆ ಸ್ಯಾಂಪಲ್ ಮೇಲೆ ಅನುಮಾನ ಪಡಬೇಕು. ತಡಮಾಡದೆ ಅದೇ ದಿನ ಮತ್ತೆ ರಕ್ತ ತೆಗೆಸಿ.

ಅಂಕಿ ಓದುವುದು

ದೊಡ್ಡವರಲ್ಲಿ ಒಟ್ಟು ಕ್ಯಾಲ್ಸಿಯಂ ಡೆಸಿಲೀಟರ್‌ಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಹಾಗಾಗಿ ನಿಮ್ಮ ಹಾಳೆಯಲ್ಲೇ ಅಚ್ಚಾಗಿರುವ ಮಿತಿಯನ್ನು ನೋಡಿ. ಕೆಲವು ಕಡೆ ಮಿಲಿಮೋಲ್‌ನಲ್ಲಿ ಬರೆಯುತ್ತಾರೆ. 2.4 ಅಂತ ಕಂಡರೆ ಗಾಬರಿ ಬೇಡ, ನಾಲ್ಕರಿಂದ ಗುಣಿಸಿ: 9.6.

ಈಗ ಆಲ್ಬುಮಿನ್. ರಕ್ತದ ಕ್ಯಾಲ್ಸಿಯಂನಲ್ಲಿ ಶೇಕಡಾ 40ಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಪ್ರೋಟೀನಿಗೆ, ಅದರಲ್ಲೂ ಮುಖ್ಯವಾಗಿ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು ಅಂಟಿಕೊಳ್ಳದೆ ಓಡಾಡುವ ಭಾಗ. ಅದಕ್ಕೆ ಅಯಾನೈಸ್ಡ್ ಕ್ಯಾಲ್ಸಿಯಂ ಅನ್ನುತ್ತಾರೆ. ಆಲ್ಬುಮಿನ್ ಕಡಿಮೆ ಇದ್ದರೆ ಒಟ್ಟು ಅಂಕಿ ಇಳಿಯುತ್ತದೆ, ಕೆಲಸದ ಭಾಗ ಮಾತ್ರ ಸರಿಯಾಗಿಯೇ ಇರಬಹುದು. ಸಿಂದಗಿ ಕಡೆಯ ಒಬ್ಬ ಅಜ್ಜಿಗೆ ಕ್ಯಾಲ್ಸಿಯಂ 7.6 ಬಂದಿತ್ತು. ಮಗ ಆಗಲೇ ಎರಡು ಡಬ್ಬಿ ಗುಳಿಗೆ ತಂದಿದ್ದ. ಅದೇ ಹಾಳೆಯ ಕೆಳಗೆ ಆಲ್ಬುಮಿನ್ 2.8 ಇತ್ತು. ಲೆಕ್ಕ ಹೀಗೆ: 4ರಿಂದ ಆಲ್ಬುಮಿನ್ ಕಳೆಯಿರಿ, 1.2 ಉಳಿಯಿತು. ಅದನ್ನು 0.8ರಿಂದ ಗುಣಿಸಿ, ಹತ್ತಿರ ಹತ್ತಿರ 1. ಅದನ್ನು 7.6ಕ್ಕೆ ಕೂಡಿಸಿದರೆ 8.6. ಅಂದರೆ ಕ್ಯಾಲ್ಸಿಯಂ ಮಿತಿಯೊಳಗೇ ಇದೆ. ಅಜ್ಜಿಗೆ ಬೇಕಾಗಿದ್ದು ಆಲ್ಬುಮಿನ್ ಯಾಕೆ ಇಳಿದಿದೆ ಅನ್ನುವ ಹುಡುಕಾಟ. ಊಟ ಸಾಲುತ್ತಿಲ್ಲವೋ, ಲಿವರ್ ತೊಂದರೆಯೋ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೋ ನೋಡಬೇಕಿತ್ತು.

ಈ ಲೆಕ್ಕ ಅಂದಾಜು ಮಾತ್ರ. ಐಸಿಯುನಲ್ಲಿ ಇರುವವರಿಗೆ, ಕಿಡ್ನಿ ರೋಗಿಗಳಿಗೆ ಇದನ್ನು ನಂಬಿ ಕೂರಬಾರದು. ಅನುಮಾನ ಇದ್ದರೆ ಅಯಾನೈಸ್ಡ್ ಟೆಸ್ಟ್ ಕೇಳಿ. ಆ ಸ್ಯಾಂಪಲ್‌ಗೆ ಗಾಳಿ ತಾಗಬಾರದು, ಬೇಗ ಮಷೀನಿಗೆ ಹೋಗಬೇಕು. ಅದಕ್ಕೇ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಮಾಡಿಸುವುದು ಮೇಲು.

ನಿಜಕ್ಕೂ ಕಡಿಮೆ ಇದ್ದರೆ

ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮು ಜುಮು ಅನ್ನುತ್ತದೆ. ಮೀನಖಂಡ ಹಿಡಿದುಕೊಳ್ಳುತ್ತದೆ. ಬಿಪಿ ಪಟ್ಟಿ ಬಿಗಿದು ಮೂರು ನಿಮಿಷ ಇಟ್ಟರೆ ಕೆಲವರ ಮಣಿಕಟ್ಟು ಒಳಕ್ಕೆ ಬಾಗಿ, ಬೆರಳು ನೆಟ್ಟಗಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಡಾಕ್ಟರು ಇದನ್ನು ನೋಡಿಯೇ ಗುರುತು ಹಿಡಿಯುತ್ತಾರೆ. ಬಹಳ ಇಳಿದರೆ ಫಿಟ್ಸ್ ಬರಬಹುದು, ಹೃದಯದ ಲಯ ತಪ್ಪಬಹುದು. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು, ಗುಳಿಗೆಯ ಹೊತ್ತಲ್ಲ.

ಕಾರಣಗಳಲ್ಲಿ ವಿಟಮಿನ್ ಡಿ ಕೊರತೆ ದೊಡ್ಡದು. ನಮ್ಮೂರಿನ ಬಿಸಿಲಿಗೆ ಇದು ಹೇಗೆ ಅಂತ ಕೇಳುತ್ತಾರೆ. ಬಿಸಿಲು ಇದೆ, ಆದರೆ ನಾವು ನೆರಳು ಹುಡುಕುತ್ತೇವೆ, ಮೈ ತುಂಬ ಮುಚ್ಚಿಕೊಳ್ಳುತ್ತೇವೆ, ಅಲ್ವಾ? ಕಿಡ್ನಿ ರೋಗ ಇನ್ನೊಂದು ಕಾರಣ. ಥೈರಾಯ್ಡ್ ಆಪರೇಷನ್ ಆದವರು ಮೊದಲ ಕೆಲವು ದಿನ ಜುಮು ಜುಮು ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬಾರದು. ಪಕ್ಕದ ಪ್ಯಾರಾಥೈರಾಯ್ಡ್‌ಗಳಿಗೆ ಪೆಟ್ಟಾಗಿರಬಹುದು.

ಮೆಗ್ನೀಸಿಯಂ ಅನ್ನು ಎಲ್ಲರೂ ಮರೆಯುತ್ತಾರೆ. ಅದು ಕಡಿಮೆ ಇದ್ದರೆ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಮೇಲೆ ಏರುವುದಿಲ್ಲ. ಜಾಸ್ತಿ ಕುಡಿಯುವವರಲ್ಲಿ, ವರ್ಷಗಟ್ಟಲೆ ಅಸಿಡಿಟಿಗೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಇದು ಇಳಿಯಬಹುದು. ಗುಳಿಗೆ ತಗೊಂಡರೂ ಕ್ಯಾಲ್ಸಿಯಂ ಏರದಿದ್ದರೆ “ಮೆಗ್ನೀಸಿಯಂ ನೋಡೋಣವಾ?” ಅಂತ ಕೇಳಿ.

ಒಂದು ವಿಷಯ ಗೊತ್ತಿರಲಿ. ಗಾಬರಿಯಲ್ಲಿ, ಅಳುವಿನಲ್ಲಿ ಜೋರಾಗಿ ಉಸಿರಾಡಿದರೂ ಬೆರಳು ಸೆಟೆದುಕೊಳ್ಳುತ್ತವೆ. ಆಗ ರಕ್ತದ ಕ್ಷಾರತೆ ಏರಿ ಓಡಾಡುವ ಕ್ಯಾಲ್ಸಿಯಂ ಆಲ್ಬುಮಿನ್‌ಗೆ ಅಂಟಿಕೊಳ್ಳುತ್ತದೆ. ಒಟ್ಟು ಕ್ಯಾಲ್ಸಿಯಂ ಪೂರ್ತಿ ನಾರ್ಮಲ್ ಬರುತ್ತದೆ. ಅವರು ನಾಟಕ ಮಾಡುತ್ತಿಲ್ಲ. ದಯವಿಟ್ಟು ಹಾಗೆ ಅನ್ನಬೇಡಿ.

ಜಾಸ್ತಿ ಇದ್ದರೆ

ಇದನ್ನು ಜನ ಒಳ್ಳೆಯ ಸುದ್ದಿ ಅಂದುಕೊಳ್ಳುತ್ತಾರೆ. ಅಲ್ಲ. ಮಲಬದ್ಧತೆ, ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು, ಮಂಕು ಇವೆಲ್ಲಾ ಕ್ಯಾಲ್ಸಿಯಂ ಏರಿದ್ದರಿಂದಲೂ ಬರುತ್ತವೆ. ಕಿಡ್ನಿಯಲ್ಲಿ ಹರಳು ಆಗುತ್ತದೆ. ನಮ್ಮ ಬಿಸಿಲಲ್ಲಿ ಹರಳು ಹೊಸದಲ್ಲ, ಬಾಳೆದಿಂಡಿನ ರಸ ಕುಡಿದು ಸುಮ್ನಾಗುತ್ತಾರೆ. ಆದರೆ ಹರಳು ಮತ್ತೆ ಮತ್ತೆ ಆಗುತ್ತಿದ್ದರೆ ಒಮ್ಮೆ ಕ್ಯಾಲ್ಸಿಯಂ ನೋಡಿಸಲೇಬೇಕು.

ಕ್ಯಾಲ್ಸಿಯಂ ಏರಲು ಎರಡು ಕಾರಣಗಳೇ ಹೆಚ್ಚಿನ ಪಾಲು: ಪ್ಯಾರಾಥೈರಾಯ್ಡ್ ಗ್ರಂಥಿ ಹದ ತಪ್ಪಿ ಕೆಲಸ ಮಾಡುವುದು, ಇಲ್ಲವೇ ಕ್ಯಾನ್ಸರ್. ಓಡಾಡಿಕೊಂಡು ಆರಾಮ ಇರುವವರಲ್ಲಿ ಮೊದಲನೆಯದೇ ಜಾಸ್ತಿ, ಅದರಲ್ಲೂ 50 ದಾಟಿದ ಹೆಂಗಸರಲ್ಲಿ. ಇವೆರಡನ್ನು ಬೇರೆ ಮಾಡುವುದು ಪಿಟಿಹೆಚ್. ಇಲ್ಲೊಂದು ಸೂಕ್ಷ್ಮ ಇದೆ. ಹರಳಿನ ತೊಂದರೆ ಇದ್ದ ಒಬ್ಬರ ಕ್ಯಾಲ್ಸಿಯಂ 11.2, ಪಿಟಿಹೆಚ್ 58. ಮಿತಿ 15ರಿಂದ 65. ‘ಹೆಚ್’ ಅಕ್ಷರ ಇರಲಿಲ್ಲ, ಅದಕ್ಕೆ ನಾರ್ಮಲ್ ಅಂದುಕೊಂಡಿದ್ದರು. ಆದರೆ ಕ್ಯಾಲ್ಸಿಯಂ 11 ದಾಟಿದಾಗ ಆರೋಗ್ಯವಂತ ಗ್ರಂಥಿ ಕೆಲಸ ನಿಲ್ಲಿಸಿ ಪಿಟಿಹೆಚ್ ಕೆಳಗೆ ಇಳಿಯಬೇಕಿತ್ತು. ಇಳಿಯದೆ 58ರಲ್ಲೇ ನಿಂತಿದ್ದೇ ಸುಳಿವು. ಈ ಎರಡು ಅಂಕಿಗಳನ್ನು ಒಂದೇ ಸ್ಯಾಂಪಲ್‌ನಲ್ಲಿ ಮಾಡಿಸಿ, ಜೊತೆಗಿಟ್ಟು ಓದಿಸಿ. ಪಿಟಿಹೆಚ್ ತೀರಾ ಕಡಿಮೆ ಇದ್ದರೆ ಡಾಕ್ಟರು ಬೇರೆ ಕಡೆ ಹುಡುಕುತ್ತಾರೆ.

ಬಿಪಿಗೆ ಕೊಡುವ ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ ಕೂಡ ಕ್ಯಾಲ್ಸಿಯಂ ಏರಿಸಬಲ್ಲವು. ಟಿಬಿಯಲ್ಲೂ ಏರಬಹುದು. ನನಗೆ ಹೆಚ್ಚು ಚಿಂತೆ ವಿಟಮಿನ್ ಡಿಯದು. 60,000 ಯೂನಿಟ್‌ನ ಸ್ಯಾಶೆಯನ್ನು ಸಾಮಾನ್ಯವಾಗಿ ವಾರಕ್ಕೆ ಒಂದರಂತೆ ಕೆಲವು ವಾರ ಬರೆಯುತ್ತಾರೆ. ಅದನ್ನು ದಿನಾ ಹಾಲಿಗೆ ಹಾಕಿ ಕುಡಿಯುವವರಿದ್ದಾರೆ, ಚೀಟಿ ಮುಗಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸುವವರಿದ್ದಾರೆ. ಇದು ಕೊಬ್ಬಿನಲ್ಲಿ ಕೂತುಬಿಡುತ್ತದೆ, ನಿಲ್ಲಿಸಿದರೂ ಇಳಿಯಲು ತಿಂಗಳುಗಳು ಬೇಕು. ತಂಬಾಕು, ಎಲೆ-ಅಡಿಕೆಯ ಜೊತೆ ಹೋಗುವ ಸುಣ್ಣವೂ ಲೆಕ್ಕಕ್ಕೆ ಬರುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ. ಕ್ಯಾಲ್ಸಿಯಂ 14 ಮುಟ್ಟಿದರೆ, ಅಥವಾ ಏರಿದ ಅಂಕಿಯ ಜೊತೆ ವಾಂತಿ, ಗೊಂದಲ ಇದ್ದರೆ ಅದೇ ದಿನ ಅಡ್ಮಿಟ್ ಆಗಬೇಕು.

ಆಪರೇಷನ್ ಮಾತು ಬಂದಾಗ 24 ಗಂಟೆಯ ಮೂತ್ರದ ಟೆಸ್ಟ್ ಬರೆಯಬಹುದು. ಮನೆತನದಲ್ಲೇ ಕ್ಯಾಲ್ಸಿಯಂ ಸ್ವಲ್ಪ ಜಾಸ್ತಿ ಇರುವ, ಆಪರೇಷನ್ ಬೇಡದ ಒಂದು ಸ್ಥಿತಿ ಇದೆ. ಅದನ್ನು ಬೇರೆ ಮಾಡಲು ಇದು ಬೇಕು. ಬೆಳಗ್ಗೆಯ ಮೊದಲ ಮೂತ್ರ ಬಿಟ್ಟುಬಿಡಿ. ಆಮೇಲಿನದ್ದೆಲ್ಲಾ, ಮರುದಿನ ಬೆಳಗ್ಗೆಯ ಮೊದಲನೆಯದೂ ಸೇರಿ, ಲ್ಯಾಬ್ ಕೊಟ್ಟ ಕ್ಯಾನಿನಲ್ಲೇ ಹಿಡಿಯಿರಿ. ಕೂಲ್‌ಡ್ರಿಂಕ್ ಬಾಟಲಿ ಬೇಡ. ನಡುವೆ ಒಂದು ಸಲ ತಪ್ಪಿದರೂ ಹೇಳಿಬಿಡಿ, ಮತ್ತೆ ಶುರು ಮಾಡೋಣ.

ಹಳೆಯ ರಿಪೋರ್ಟುಗಳನ್ನು ಬಿಸಾಡಬೇಡಿ. ಮೂರು ವರ್ಷದ ಹಿಂದೆಯೂ 10.8 ಇತ್ತು ಅಂತ ಒಂದು ಹಾಳೆ ಸಿಕ್ಕರೆ ಡಾಕ್ಟರು ಮೊದಲು ಯೋಚಿಸುವುದು ಪ್ಯಾರಾಥೈರಾಯ್ಡ್ ಬಗ್ಗೆ. ಕ್ಯಾನ್ಸರ್‌ನಿಂದ ಏರುವ ಕ್ಯಾಲ್ಸಿಯಂ ಅಷ್ಟು ವರ್ಷ ಒಂದೇ ಕಡೆ ನಿಲ್ಲುವುದು ಅಪರೂಪ.