ಕಂಪ್ಯೂಟರ್ ಡೌಟ್ ಫ್ರೀಯಾಗಿ ಬಿಡಿಸೋದು: ನನ್ನ ಅನುಭವ

ಸಿಂಧನೂರಾಗ ಒಂದು ರೈಸ್ ಮಿಲ್ಲಿನ ಲೆಕ್ಕ ನೋಡ್ತೀನಿ. ಕೋರ್ಸ್ ಗೀರ್ಸ್ ಏನೂ ಮಾಡಿಲ್ಲ, ಆದ್ರ ಎಕ್ಸೆಲ್ ಮತ್ತ ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ದಿನಾ ಕೈಯಾಗ ಇರೋದ್ರಿಂದ ಮೊದ್ಲು ಬಾಜು ಅಂಗಡ್ಯಾರು ಕೇಳಾಕ ಬಂದ್ರು, ಆಮ್ಯಾಲೆ ಅವರ ಬೀಗರು, ಈಗ ಮಾನ್ವಿ, ಮಸ್ಕಿ, ಗಂಗಾವತಿ ಕಡೆಯಿಂದ ಮುಖಾನೇ ನೋಡಿರದ ಮಂದಿ ಸೈತ ಫೋನ್ ಹಚ್ತಾರ. ರೊಕ್ಕ ತಗೊಳ್ಳಲ್ಲ.

ಪ್ರಶ್ನೆ ಹೆಂಗಿರ್ತಾವಂದ್ರ, "ಅಣ್ಣಾ, ಎಕ್ಸೆಲ್ ಕೆಟ್ಟೈತ್ರಿ". ಅಷ್ಟ. ಅದ್ಕ ಉತ್ತರ ಹೇಳಾಕ ನಾನು ಅವಸರ ಮಾಡಲ್ಲ, ಮೊದ್ಲು ಸ್ಕ್ರೀನ್ ಫೋಟೋ ಕಳ್ಸ್ರಿ ಅಂತೀನಿ, ಎರರ್ ಬಾಕ್ಸ್ ಅಷ್ಟ ಅಲ್ಲ, ಕೆಳಗ ಬಲಕ್ಕ ಮೂಲ್ಯಾಗಿನ ತಾರೀಖು ಸೈತ ಕಾಣಬೇಕು. ಆಮ್ಯಾಲೆ, ಹಿಂಗಾಗೋಕಿಂತ ಮೊದ್ಲು ಏನು ಮಾಡಿದ್ರಿ ಅಂತ ಕೇಳ್ತೀನಿ. "ಏನೂ ಮಾಡಿಲ್ರಿ" ಅಂತಾರ ಎಲ್ಲಾರೂ. ಮಾಡಿರ್ತಾರ.

ತಾರೀಖು ಯಾಕ ಬೇಕಂದ್ರ, ಒಬ್ರು ಮೇಡಂ ರೈತರ ಪಟ್ಟಿ ಮಾಡ್ತಿದ್ರು, ಹೆಸರು, ಊರು, ಸರ್ವೆ ನಂಬರ್. 12/3 ಅಂತ ಹೊಡೆದ್ರ 12-ಮಾರ್ಚ್ ಆಗ್ತಿತ್ತು, ಆದ್ರ 112/3 ಹಂಗ ಉಳಿತಿತ್ತು, ಅದ್ಕ ಅವರಿಗೆ ವೈರಸ್ ಅನ್ನೋ ಗುಮಾನಿ. ಎಕ್ಸೆಲ್ ಏನು ಮಾಡ್ತದಂದ್ರ, ತಾರೀಖಿನಂಗ ಕಂಡಿದ್ದನ್ನೆಲ್ಲ ತಾರೀಖು ಮಾಡಿಬಿಡ್ತದ, 112ನೇ ತಾರೀಖು ಇಲ್ಲಲ್ರಿ, ಅದ್ಕ ಅದನ್ನ ಮುಟ್ಟಲ್ಲ. ಅವರು ಸೆಲ್ ಫಾರ್ಮ್ಯಾಟ್ ಟೆಕ್ಸ್ಟ್‌ಗೆ ಬದಲಿ ಮಾಡಿದ್ರು, ಆಗ 45363 ಅಂತ ಬಂತು, ಇನ್ನಾ ಗಾಬರಿ. ಆದ್ರ ಅದೂ ಲೆಕ್ಕಾನೇ, ಎಕ್ಸೆಲ್ ಒಳಗ ತಾರೀಖು ಅಂದ್ರ 1900ರ ಜನವರಿ 1 ರಿಂದ ಎಣಿಸಿದ ದಿನದ ನಂಬರ್, 45363 ಅಂದ್ರ 2024ರ ಮಾರ್ಚ್ 12. ಕಾಲಂ ಪೂರಾ ಮೊದ್ಲ ಟೆಕ್ಸ್ಟ್ ಮಾಡ್ಕೊಂಡು ಆಮ್ಯಾಲೆ ಟೈಪ್ ಮಾಡಬೇಕು, ಇಲ್ಲಾ ನಂಬರಿನ ಮುಂದ ಒಂದು ಅಪಾಸ್ಟ್ರಫಿ (') ಹಾಕಬೇಕು. ಆಗ್ಲೇ ಕೆಟ್ಟಿದ್ದಕ್ಕ ತಾರೀಖಿನಿಂದ ದಿನ, ತಿಂಗಳು ಬ್ಯಾರೆ ತೆಗೆಯೋ ಡೇ, ಮಂತ್ ಫಾರ್ಮುಲಾ ಹಾಕಿ ನಡುವ ಗೀಟು ಸೇರಿಸಿ ವಾಪಸ್ ತಂದ್ವಿ. ಆದ್ರ ಮೂಲ್ಯಾಗಿನ ತಾರೀಖಿನ್ಯಾಗ ತಿಂಗಳು ಮೊದ್ಲು ಇದ್ರ ಅದು ಅಮೆರಿಕಾ ಸೆಟ್ಟಿಂಗು, ಅಲ್ಲಿ 12/3 ಅಂದ್ರ ಡಿಸೆಂಬರ್ 3, ಫಾರ್ಮುಲಾ ತಿರುವಿ, ಮಂತ್ ಮೊದ್ಲು ಡೇ ಆಮ್ಯಾಲೆ ಹಾಕಬೇಕು, ಇಲ್ಲಾಂದ್ರ ಒಬ್ಬರ ಹೊಲ ಇನ್ನೊಬ್ಬರ ಹೆಸರಿಗೆ. ಮುಗಿದಮ್ಯಾಲೆ ಪಹಣಿ ಇಟ್ಕೊಂಡು ಒಂದೊಂದ ತಾಳೆ ನೋಡ್ರಿ ಅಂತ ಹೇಳ್ದೆ, ಬೈಕೊಂತ ಆದ್ರೂ ನೋಡಿದ್ರು.

ನುಡಿದು ಬ್ಯಾರೇನೇ ಕತಿ. ಹಳೇ ನುಡಿ ಫಾಂಟಿನ ಫೈಲ್ ಫೋನಿನ್ಯಾಗ ತೆರೆದ್ರ ಇಂಗ್ಲಿಷ್ ಅಕ್ಷರ, ಅವುಗಳ ತಲಿ ಮ್ಯಾಲೆ ಗೀಟು ಚುಕ್ಕಿ. ಫೈಲ್ ಕೆಟ್ಟಿಲ್ಲ, ಹಳೇ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ಚಿತ್ರ ಕುಂದ್ರಿಸೈತಿ ಅಷ್ಟ, ಕನ್ನಡದ ಪ್ರತಿ ಅಕ್ಷರಕ್ಕ ತನ್ನದೇ ನಂಬರ್ ಇರೋ ಯೂನಿಕೋಡಿಗೆ ಕನ್ವರ್ಟ್ ಮಾಡಿದ್ರ ಸರಿ ಹೋಗ್ತದ. ನಡುನಡುವ ನಿಜವಾದ ಇಂಗ್ಲಿಷ್ ಪದ ಇದ್ರ ಅವನ್ನ ಬಿಟ್ಟು ಉಳಿದದ್ದಷ್ಟ ಕನ್ವರ್ಟ್ ಮಾಡ್ರಿ, ಇಲ್ಲಾಂದ್ರ ಅವೂ ಅರ್ಥ ಇಲ್ಲದ ಕನ್ನಡ ಆಗ್ತಾವ. ಅರ್ಕಾವತ್ತು ಒಮ್ಮೆ ಕಣ್ಣಾರೆ ನೋಡ್ಕೋರಿ.

ದೂರ ಕುಂತು ಇನ್ನೊಬ್ಬರ ಕಂಪ್ಯೂಟರ್ ನಡೆಸೋ ಎನಿಡೆಸ್ಕ್ ಕೊಡ್ತೀನಿ ನೀವ ಮಾಡ್ರಿ ಅಂದ್ರ ಒಲ್ಲೆ ಅಂತೀನಿ. ಬ್ಯಾಂಕಿಂದು, ಆಧಾರಿಂದು ಎಲ್ಲಾ ಆ ಕಂಪ್ಯೂಟರಿನ್ಯಾಗ ಇರ್ತದ, ನಾಳೆ ಏನರ ಹೋತಂದ್ರ ಗುಮಾನಿ ನನ್ ಮ್ಯಾಲೆ. ಒಟಿಪಿ ಪಾಸ್‌ವರ್ಡ್ ಹೇಳಾಕ ಬಂದ್ರ ಅಲ್ಲೇ ತಡಿತೀನಿ. ಬಾಯಾಗ ಹೇಳ್ತೀನಿ, ಅವರ ಕೈಲಿ ಮಾಡಿಸ್ತೀನಿ, ತಡ ಆಗ್ತದ, ಆಗ್ಲಿ.

ನವೆಂಬರ್ ಡಿಸೆಂಬರ್‌ದಾಗ ಮಿಲ್ಲಿಗೆ ಭತ್ತ ಬರಾಕ ಶುರುವಾತಂದ್ರ ಫೋನ್ ಎತ್ತಲ್ಲ, ಅದನ್ನ ಮೊದ್ಲ ಹೇಳಿಬಿಡ್ತೀನಿ. ನನಗ ಸಿಟ್ಟು ಬರೋದು ಒಂದಕ್ಕ, ಸರಿ ಆದಮ್ಯಾಲೆ ಹೇಳ್ದಂಗ ಮಾಯ ಆಗ್ತಾರಲ್ಲ ಅದಕ್ಕ. ಥ್ಯಾಂಕ್ಸ್ ಬ್ಯಾಡ್ರಿ, ಏನು ಮಾಡಿದಾಗ ಸರಿ ಆತು ಅನ್ನೋದರ ಹೇಳ್ರಿ, ಅದೇ ತೊಂದ್ರಿ ಹಿಡ್ಕೊಂಡು ಇನ್ನೊಬ್ರು ಬಂದೇ ಬರ್ತಾರ. ಮೊನ್ನೆ ಲಿಂಗಸುಗೂರಿನವ್ರು ಒಬ್ರು ಪ್ರಿಂಟಿನ್ಯಾಗ ಒತ್ತಕ್ಷರ ಒಡದು ಬರ್ತಾವ ಅಂದಿದ್ರು, ಫೋಟೋ ಕಳ್ಸ್ರಿ ಅಂದೀನಿ, ಇನ್ನಾ ಬಂದಿಲ್ಲ.