ಗುಂಪಿನ ಪ್ರವಾಸಕ್ಕೆ ಆ್ಯಪ್ ಬೇಕೇ? ಮೊದಲು ಗುಂಪನ್ನು ನೋಡಿ

‘ಎಲ್ಲಾದರೂ ಹೋಗೋಣ’ ಎಂದು ಗ್ರೂಪಿನಲ್ಲಿ ಒಬ್ಬರು ಹಾಕುತ್ತಾರೆ. ಹತ್ತೇ ನಿಮಿಷದಲ್ಲಿ ಹೆಬ್ಬೆರಳುಗಳ ಸುರಿಮಳೆ. ‘ಸರಿ, ಯಾವತ್ತು?’ ಅಂತ ಕೇಳಿ ನೋಡಿ, ಸದ್ದೇ ಇರುವುದಿಲ್ಲ. ಎರಡು ದಿನ ಬಿಟ್ಟು ಇನ್ನೊಬ್ಬರು ಯಾವುದೋ ಆ್ಯಪಿನ ಲಿಂಕ್ ಕಳಿಸುತ್ತಾರೆ. ‘ಎಲ್ಲರೂ ಇದನ್ನು ಹಾಕಿಕೊಳ್ಳಿ, ಎಲ್ಲಾ ಸುಲಭ ಆಗುತ್ತೆ.’ ಎಂಟು ಜನರಲ್ಲಿ ಮೂವರು ಹಾಕಿಕೊಳ್ಳುತ್ತಾರೆ. ಉಳಿದ ಐವರು ಆ ಮೂವರಿಗೇ ಫೋನ್ ಮಾಡಿ ‘ಏನಾಯ್ತು?’ ಅನ್ನುತ್ತಾರೆ.

ಇಂಥ ಗುಂಪುಗಳಲ್ಲಿ ಲೆಕ್ಕ ಬರೆಯುವ ಕೆಲಸ ಯಾಕೋ ನನಗೇ ಬೀಳುತ್ತದೆ. ಹಾಗಾಗಿ ಈ ಆ್ಯಪ್‌ಗಳಲ್ಲಿ ಬಹಳಷ್ಟನ್ನು ಹಾಕಿ, ತೆಗೆದು ನೋಡಿದ್ದೇನೆ. ಆರಿಸುವುದು ಹೇಗೆ ಅಂತ ಹೇಳುವ ಮುಂಚೆ, ಇಷ್ಟೊಂದು ಆ್ಯಪ್ ಯಾಕಿವೆ, ಆದರೂ ಒಂದೂ ಯಾಕೆ ನೆಲೆ ನಿಂತಿಲ್ಲ ಅನ್ನುವುದನ್ನು ನೋಡಿಬಿಡೋಣ.

ಬರುವವರು ಬಹಳ, ಉಳಿಯುವವರು ಕಡಿಮೆ

ಪ್ರವಾಸ ಹೋಗಿ ತಲೆ ಕೆಡಿಸಿಕೊಂಡು ಬಂದ ಪ್ರತಿ ಸಾಫ್ಟ್‌ವೇರ್ ಹುಡುಗನಿಗೂ ‘ಇದಕ್ಕೊಂದು ಆ್ಯಪ್ ಮಾಡಬೇಕು’ ಅನ್ನಿಸುತ್ತದೆ. ಹೊಸ ಕಂಪನಿಗಳಿಗೆ ಹಣ ಹೂಡುವ ವೈ ಕಾಂಬಿನೇಟರ್‌ನವರು, ಸ್ನೇಹಿತರೆಲ್ಲ ಸೇರಿ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವ ಆ್ಯಪ್‌ಗಳನ್ನು ಟಾರು ಗುಂಡಿಗೆ ಹೋಲಿಸುತ್ತಾರೆ. ದೂರದಿಂದ ನೋಡಿದರೆ ತಿಳಿನೀರು, ಕಾಲಿಟ್ಟರೆ ಏಳಲಾಗದು. ಕಾರಣ ಸರಳ. ಜನ ಗುಂಪು ಕಟ್ಟಿಕೊಂಡು ಹೋಗುವುದು ವರ್ಷಕ್ಕೆ ಒಂದೋ ಎರಡೋ ಸಲ. ಮುಂದಿನ ಸಲದ ಹೊತ್ತಿಗೆ ಆ್ಯಪಿನ ಹೆಸರೇ ಮರೆತಿರುತ್ತದೆ. ಮೇಲಾಗಿ ಗುಂಪಿನ ಎಲ್ಲರೂ ಹಾಕಿಕೊಳ್ಳದಿದ್ದರೆ ಅದಕ್ಕೆ ಅರ್ಥವೇ ಇಲ್ಲ.

ದೊಡ್ಡವರಿಗೂ ಇದು ಒಲಿದಿಲ್ಲ. ಗೂಗಲ್ 2016ರಲ್ಲಿ ‘ಗೂಗಲ್ ಟ್ರಿಪ್ಸ್’ ತಂದಿತು. 2019ರ ಆಗಸ್ಟ್‌ನಲ್ಲಿ ಮುಚ್ಚಿತು. ಟ್ರಾವೆಫೈ ಶುರುವಾಗಿದ್ದು ಸ್ನೇಹಿತರ ಗುಂಪುಗಳಿಗಾಗಿ. ಆಮೇಲೆ ಅದು ಟ್ರಾವೆಲ್ ಏಜೆಂಟರಿಗೆ ಸಾಫ್ಟ್‌ವೇರ್ ಮಾರುವ ಕಡೆ ತಿರುಗಿತು. ಬುಕಿಂಗ್‌ಗಳನ್ನು ಒಂದೇ ಕಡೆ ಜೋಡಿಸಿಡುವ ಟ್ರಿಪ್‌ಇಟ್ ಅನ್ನು 2011ರಲ್ಲಿ ಕಾಂಕರ್ ಎಂಬ ಸಾಫ್ಟ್‌ವೇರ್ ಕಂಪನಿ ಕೊಂಡಿತು, ಆ ಕಾಂಕರ್ ಅನ್ನು ಜರ್ಮನಿಯ ದೊಡ್ಡ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಕೊಂಡಿತು. ಖರ್ಚು ಹಂಚುವ ಟ್ರೈಕೌಂಟ್ 2022ರಲ್ಲಿ ಬಂಕ್ ಎಂಬ ಡಚ್ ಬ್ಯಾಂಕಿನ ಪಾಲಾಯಿತು. ಉಳಿದುಕೊಂಡ ಆ್ಯಪ್‌ಗಳನ್ನು ಗಮನಿಸಿ. ಹೆಚ್ಚಿನವು ಒಂದೇ ಕೆಲಸವನ್ನು ಚೆನ್ನಾಗಿ ಮಾಡುವಂಥವು. ಎಲ್ಲವನ್ನೂ ನಾನೇ ಮಾಡುತ್ತೇನೆ ಅಂತ ಹೊರಟವೇ ಜಾಸ್ತಿ ಸೋತಿವೆ.

ಹೆಜ್ಜೆ 1: ಹಾಕಿಕೊಳ್ಳದವರು ಯಾರು ಅಂತ ಪಟ್ಟಿ ಮಾಡಿ

ಗುಂಪಿನಲ್ಲಿ ಫೋನ್ ಅಂದರೆ ದೂರ ಸರಿಯುವವರು ಒಬ್ಬರಾದರೂ ಇರುತ್ತಾರೆ. ಆ್ಯಪನ್ನು ಅವರ ಅಳತೆಗೆ ಆರಿಸಬೇಕು, ನಿಮ್ಮ ಅಳತೆಗಲ್ಲ. ನಾನು ನೋಡುವುದು ಒಂದೇ: ಅಕೌಂಟ್ ತೆರೆಯದೆ, ಬರೀ ಲಿಂಕ್ ಒತ್ತಿದರೆ ಅವರಿಗೆ ಪ್ಲ್ಯಾನ್ ಕಾಣುತ್ತದೆಯೇ? ಕಾಣದಿದ್ದರೆ ಅದನ್ನು ಅಲ್ಲೇ ಬಿಡಿ, ಮಿಕ್ಕ ಸೌಲಭ್ಯ ಎಷ್ಟೇ ಚೆನ್ನಾಗಿರಲಿ.

ಹೆಜ್ಜೆ 2: ದಿನ ಗೊತ್ತು ಮಾಡಿ

ಇದಕ್ಕೆ ಹೊಸ ಆ್ಯಪ್ ಬೇಕಾಗಿಲ್ಲ. 2022ರ ಕೊನೆಯಿಂದ ವಾಟ್ಸ್‌ಆ್ಯಪ್‌ನಲ್ಲೇ ಪೋಲ್ ಇದೆ. ದಿನಾಂಕಗಳು ಜಾಸ್ತಿ ಇದ್ದರೆ 2007ರಿಂದ ಇರುವ ಡೂಡಲ್ ಸಾಕು. ಅದು ಗೂಗಲ್‌ನ ಚಿತ್ರದ ಡೂಡಲ್ ಅಲ್ಲ, ದಿನ ಹೊಂದಿಸುವ ಬೇರೆ ಸೈಟು.

ಗುಟ್ಟು ಇರುವುದು ಪ್ರಶ್ನೆಯಲ್ಲಿ. ‘ಯಾವಾಗ ಬರ್ತೀರಿ?’ ಅಂದರೆ ಜನ ಮೀನಮೇಷ ಎಣಿಸುತ್ತಾರೆ. ‘ಈ ಮೂರರಲ್ಲಿ ಯಾವತ್ತು ಬರೋಕೆ ಆಗಲ್ಲ?’ ಅನ್ನಿ. ಉತ್ತರ ತಕ್ಷಣ ಬರುತ್ತದೆ. ಗಡುವು ಹಾಕಿ, ಅದರೊಳಗೆ ಹೇಳದವರು ಎಲ್ಲದಕ್ಕೂ ಒಪ್ಪಿದಂತೆ ಅಂತ ಮೊದಲೇ ತಿಳಿಸಿಬಿಡಿ. ಸ್ವಲ್ಪ ಕಟುವಾಯಿತು ಅನ್ನಿಸಬಹುದು. ಆದರೆ ಎಲ್ಲರ ಒಪ್ಪಿಗೆಗೆ ಕಾಯುತ್ತಾ ಕೂತ ಎಷ್ಟು ಪ್ರವಾಸ ಗ್ರೂಪಿನಲ್ಲೇ ಮುಗಿದಿವೆಯೋ!

ಹೆಜ್ಜೆ 3: ಪ್ಲ್ಯಾನ್ ಒಂದೇ ಕಡೆ ಇರಲಿ

ಹೋಟೆಲಿನ ಬುಕಿಂಗ್ ನಂಬರ್ ಗ್ರೂಪಿನಲ್ಲಿ ಹಾಕಿದ್ದೀರಿ ಅಂದುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಕೌಂಟರ್ ಮುಂದೆ ನಿಂತು ಅದನ್ನು ಹುಡುಕುವಾಗ, ಅದರ ಮೇಲೆ ಇನ್ನೂರು ಮೆಸೇಜ್, ಮೂವತ್ತು ಫೋಟೊ, ಎರಡು ಗುಡ್ ಮಾರ್ನಿಂಗ್ ಕುಳಿತಿರುತ್ತವೆ. ಮಾತಿಗೆ ಗ್ರೂಪ್, ಮಾಹಿತಿಗೆ ಬೇರೆ ಜಾಗ.

ಆ ಜಾಗ ಎಲ್ಲರೂ ತಿದ್ದಬಲ್ಲ ಒಂದು ಗೂಗಲ್ ಶೀಟ್ ಆದರೂ ನಡೆಯುತ್ತದೆ. ನೋಡಬೇಕಾದ ಜಾಗಗಳು ಬಹಳ ಇದ್ದರೆ ವಾಂಡರ್‌ಲಾಗ್‌ನಂಥವು ಒಳ್ಳೆಯದು. ಪಟ್ಟಿಯೂ ಮ್ಯಾಪೂ ಅಕ್ಕಪಕ್ಕ ಕಾಣುತ್ತವೆ, ಒಂದೇ ದಿನಕ್ಕೆ ಊರಿನ ಆ ತುದಿ ಈ ತುದಿ ಹಾಕಿಕೊಂಡಿದ್ದು ನಿಮಗೇ ಗೊತ್ತಾಗುತ್ತದೆ. ವಿಮಾನ, ಹೋಟೆಲ್ ಬುಕಿಂಗ್ ಜಾಸ್ತಿ ಇದ್ದರೆ ಟ್ರಿಪ್‌ಇಟ್ ನೋಡಿ. ಬುಕಿಂಗ್ ಖಚಿತಪಡಿಸಿದ ಇಮೇಲನ್ನು ಅದಕ್ಕೆ ಫಾರ್ವರ್ಡ್ ಮಾಡಿದರೆ ಸಾಕು, ದಿನ, ಹೊತ್ತು, ನಂಬರ್ ಎಲ್ಲವನ್ನೂ ಅದೇ ಜೋಡಿಸಿಕೊಳ್ಳುತ್ತದೆ. ಇಡೀ ಇನ್‌ಬಾಕ್ಸ್ ಓದಲು ಅನುಮತಿ ಕೇಳುವ ಆ್ಯಪ್‌ಗಳೂ ಇವೆ. ನಾನಂತೂ ಕೊಡುವುದಿಲ್ಲ. ಬೇಕಾದ ನಾಲ್ಕು ಇಮೇಲ್ ಕಳಿಸಲು ಎರಡು ನಿಮಿಷ ಸಾಕು.

ಹೊರಡುವ ಹಿಂದಿನ ದಿನ ಒಂದು ಪರೀಕ್ಷೆ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪ್ಲ್ಯಾನ್ ತೆರೆಯಿರಿ. ತೆರೆಯದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲವು ಆ್ಯಪ್‌ಗಳಲ್ಲಿ ನೆಟ್ ಇಲ್ಲದೆ ನೋಡುವ ಸೌಲಭ್ಯ ದುಡ್ಡು ಕೊಟ್ಟವರಿಗೆ ಮಾತ್ರ. ಅದು ಗೊತ್ತಾಗುವುದು ಬೆಟ್ಟದ ಮೇಲೆ, ಸಿಗ್ನಲ್ ಹೋದ ಮೇಲೆ.

ಹೆಜ್ಜೆ 4: ಖರ್ಚು

ಸ್ನೇಹ ಕೆಡುವುದು ಇಲ್ಲೇ. ಹಾಗೆಯೇ ಆ್ಯಪ್‌ಗಳು ನಿಜವಾಗಿ ಉಪಕಾರ ಮಾಡುವುದೂ ಇಲ್ಲೇ. 2011ರಲ್ಲಿ ಶುರುವಾದ ಸ್ಪ್ಲಿಟ್‌ವೈಸ್ ಇದರಲ್ಲಿ ಹಳಬ. ಟ್ರೈಕೌಂಟ್, ಸೆಟಲ್ ಅಪ್ ಕೂಡ ಇದೇ ಕೆಲಸದವು.

ಲೆಕ್ಕ ಹೀಗಿರುತ್ತದೆ. ನಾಲ್ಕು ಜನ ಹೋದರು. ಮೊದಲನೆಯವರು ರೂಮಿಗೆ 6000 ಕೊಟ್ಟರು, ಎರಡನೆಯವರು ಕಾರಿಗೆ 2000 ಕೊಟ್ಟರು. ಪ್ರತಿ ಬಿಲ್ಲನ್ನೂ ಬೇರೆ ಬೇರೆಯಾಗಿ ಹಂಚಿದರೆ ಮೂವರು ಮೊದಲನೆಯವರಿಗೆ ತಲಾ 1500, ಮೂವರು ಎರಡನೆಯವರಿಗೆ ತಲಾ 500 ಕೊಡಬೇಕು. ಒಟ್ಟು ಆರು ಬಾಕಿ. ಅದರಲ್ಲೂ ಒಂದನೆಯವರು ಎರಡನೆಯವರಿಗೆ, ಎರಡನೆಯವರು ಒಂದನೆಯವರಿಗೆ! ಈಗ ಬೇರೆ ಥರ ನೋಡಿ. ಒಟ್ಟು ಖರ್ಚು 8000, ತಲೆಗೆ 2000. ಎರಡನೆಯವರು ಸರಿಯಾಗಿ 2000 ಕೊಟ್ಟಾಗಿದೆ, ಅವರ ಲೆಕ್ಕ ಚುಕ್ತಾ. ಮೂರನೆಯವರೂ ನಾಲ್ಕನೆಯವರೂ ಮೊದಲನೆಯವರಿಗೆ ತಲಾ 2000 ಕೊಟ್ಟರೆ ಮುಗಿಯಿತು. ಆರು ಬಾಕಿ ಎರಡಾಯಿತು. ಸ್ಪ್ಲಿಟ್‌ವೈಸ್‌ನ ‘ಸಿಂಪ್ಲಿಫೈ ಡೆಟ್ಸ್’ ಮಾಡುವುದು ಇದನ್ನೇ. ಗುಂಪು ಎಷ್ಟೇ ದೊಡ್ಡದಿರಲಿ, ಹೆಚ್ಚೆಂದರೆ ಜನರ ಸಂಖ್ಯೆಗಿಂತ ಒಂದು ಕಡಿಮೆ ಪಾವತಿಯಲ್ಲಿ ಎಲ್ಲರ ಲೆಕ್ಕವನ್ನೂ ತೀರಿಸಬಹುದು.

ಇನ್ನು, ಖರ್ಚು ಬರೆಯುವವರು ಯಾರು ಅಂತ ಮೊದಲೇ ಹೇಳಿಬಿಡಿ. ದುಡ್ಡು ಕೊಟ್ಟವರೇ ಬರೆಯಬೇಕು, ಅದೂ ಅಲ್ಲೇ ನಿಂತು. ಒಮ್ಮೆ ನಮ್ಮ ಗುಂಪಿನಲ್ಲಿ ಒಂದೇ ಊಟದ ಬಿಲ್ಲನ್ನು ಮೂವರು ಬರೆದಿದ್ದರು, ಪ್ರತಿಯೊಬ್ಬರೂ ಒಳ್ಳೆಯ ಮನಸ್ಸಿನಿಂದಲೇ. ಇನ್ನೊಂದು ಸಲ ಎರಡನೇ ದಿನ ಮಧ್ಯಾಹ್ನವೇ ಆ್ಯಪ್ ಕೈ ಎತ್ತಿತು: ಉಚಿತ ಬಳಕೆಗೆ ದಿನಕ್ಕೆ ಇಷ್ಟೇ ಖರ್ಚು, ಇನ್ನು ನಾಳೆ ಬನ್ನಿ ಅಂತ. ಆ ಮಿತಿ ಎಷ್ಟು ಅಂತ ಹೊರಡುವ ಮುಂಚೆಯೇ ನೋಡಿಕೊಳ್ಳಿ. ದೋಣಿ ಹತ್ತದವರನ್ನು ದೋಣಿಯ ಖರ್ಚಿನಿಂದ ತೆಗೆಯಲು ಬರುತ್ತದೆಯೇ, ಎರಡು ದೇಶದ ಹಣ ಬೆರೆತರೆ ಯಾವ ದಿನದ ದರ ಹಿಡಿಯುತ್ತದೆ ಅನ್ನುವುದನ್ನೂ ನೋಡಿ.

ಹೆಜ್ಜೆ 5: ದುಡ್ಡು ಅವರಿಗೆ ಎಲ್ಲಿಂದ?

ಸುಮ್ನೆ ಯಾರೂ ಆ್ಯಪ್ ನಡೆಸುವುದಿಲ್ಲ, ಅಲ್ವಾ? ಒಂದೋ ನೀವು ಚಂದಾ ಕಟ್ಟುತ್ತೀರಿ, ಇಲ್ಲವೇ ನಿಮ್ಮ ಹೋಟೆಲ್ ಬುಕಿಂಗ್‌ನಲ್ಲಿ ಅವರಿಗೆ ಕಮಿಷನ್ ಸಿಗುತ್ತದೆ. ಕಮಿಷನ್ ತಪ್ಪೇನಲ್ಲ. ಆದರೆ ಆ್ಯಪ್ ತಾನಾಗಿಯೇ ಸೂಚಿಸಿದ ಹೋಟೆಲನ್ನು ಬೇರೆ ಕಡೆಯೂ ಒಮ್ಮೆ ಹೋಲಿಸಿ ನೋಡಿ. ಎಲ್ಲಿಂದ ಸಂಪಾದನೆ ಅಂತ ಗೊತ್ತೇ ಆಗದ ಹೊಸ ಆ್ಯಪ್ ಆದರೆ, ಅದು ಮುಂದಿನ ವರ್ಷಕ್ಕೆ ಇರುತ್ತದೆ ಅಂತ ನಂಬಿಕೊಂಡು ನೆನಪಿನ ಫೋಟೊಗಳನ್ನು ಅದರಲ್ಲೇ ಇಡಬೇಡಿ.

ಬಂದ ಮೇಲೆ

ವಾಪಸ್ ಬಂದ ಮೂರು ದಿನದೊಳಗೆ ಲೆಕ್ಕ ತೀರಿಸಿ. ವಾರ ದಾಟಿದರೆ ಕೇಳಲು ನಿಮಗೂ ಮುಜುಗರ, ಕೊಡಲು ಅವರಿಗೂ ಮರೆವು. ಖರ್ಚಿನ ಪಟ್ಟಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳನ್ನೆಲ್ಲ ಹಿಂತೆಗೆದುಕೊಳ್ಳಿ. ಮುಖ್ಯವಾಗಿ ಮ್ಯಾಪಿನಲ್ಲಿ ಲೊಕೇಶನ್ ಹಂಚಿಕೊಂಡಿದ್ದರೆ ಅದನ್ನು ಆಫ್ ಮಾಡಿ. ಮೊದಲೇ ‘ಒಂದು ಗಂಟೆ’ ಅಂತ ಹಾಕದೆ ‘ನಾನೇ ನಿಲ್ಲಿಸುವವರೆಗೆ’ ಅಂತ ಒತ್ತಿದವರು ಇದನ್ನು ಮರೆಯುತ್ತಾರೆ. ಪ್ರವಾಸ ಮುಗಿದು ಮೂರು ವಾರವಾದ ಮೇಲೆ ದಾರಿ ನೋಡಲೆಂದು ನಾನು ಮ್ಯಾಪ್ ತೆರೆದರೆ, ಗುಂಪಿನ ಒಬ್ಬರ ಪುಟ್ಟ ಮುಖ ಅದರ ಮೇಲೆ ಇನ್ನೂ ಓಡಾಡುತ್ತಿತ್ತು. ‘ಜ್ವರ, ಮನೇಲೇ ಮಲಗಿದ್ದೀನಿ’ ಅಂತ ಬೆಳಗ್ಗೆ ತಾನೇ ಗ್ರೂಪಿನಲ್ಲಿ ಹಾಕಿದ್ದರು, ಪಾಪ.